ವಿಚಾರಣೆ

ಮೈಸೂರಿನ ಮೊದಲ ಬಸ್ಸು ಪೇಪರಿನ ಕಟ್ಟು ಇಳಿಸಿ
ವಿರಾಜಪೇಟೆಯ ನಿಲ್ದಾಣದಲ್ಲಿ ಒಮ್ಮೆ ಕೆಮ್ಮಿ ನಿಂತ ಮೇಲೆ
ನನ್ನ ಕಿಟಕಿಯ ಫೋನು ಬಡಿದುಕೊಳ್ಳುತ್ತಿತ್ತು.
'ಕುಟ್ಟದ ಬಸ್ಸು ಎಷ್ಟು ಹೊತ್ತಿಗೆ?' ಎಂದೇ ಶುರು,
ಅದು ಮರ್ಯಾದೆಗೆ. ನಾನೂ ಮರ್ಯಾದೆಗೆ
ಏಳೂಕಾಲು ಎನ್ನುತ್ತಿದ್ದೆ. ಆಮೇಲೆ
ಪೊನ್ನಂಪೇಟೆಯ ಬೊಳ್ಳಮ್ಮನವರ ದನಿ ತಗ್ಗುತ್ತಿತ್ತು:
'ಒಂಬತ್ತು, ಎಡದಿಂದ ಬಲಕ್ಕೆ. ಭೂಮಿ. ಮೂರಕ್ಷರ.'

ಧರಣಿ, ಅವನಿ, ವಸುಧೆ,
ಒಂದೊಂದೇ ಹೇಳುತ್ತಿದ್ದೆ, ಮೈಕಿನಲ್ಲಿ ಊರು ಕೂಗುವ ಹಾಗೆ.
ಪೈಸಾರಿ ಕೂಡ ಮೂರೇ, ಸರಿಯಾಗಿ ಕೂರುತ್ತದೆ ಎಂದರೆ
'ಅದಕ್ಕೆ ತಹಶೀಲ್ದಾರರ ಸಹಿ ಬೇಕು' ಎಂದು ನಕ್ಕರು.
ನಡುವೆ ದಿ ಇದೆಯಂತೆ, ಕೆಳಗಿಳಿಯುವ ದಿಬ್ಬಣದ ದಿ.
ಹಾಗಾದರೆ ಮೇದಿನಿ.
ಆಚೆ ಪೆನ್ಸಿಲು ಗೀಚುವುದು ಕೇಳಿಸಿತು.
ಈಚೆ ಗಾಜಿಗೆ ಒತ್ತಿದ ಐದು ಬೆರಳು:
ಮಾಕುಟ್ಟಕ್ಕೆ ಬಸ್ಸಿದೆಯಾ ಸಾರ್?

ಅವರ ಮುಖ ನಾನು ಕಂಡವನಲ್ಲ.
ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು
ತೋಟದ ಸಾಹುಕಾರರನ್ನು ಮಂಗಳೂರಿನ ಕಾಫಿ ವ್ಯಾಪಾರಿಗೆ,
ಹೆರಿಗೆ ವಾರ್ಡನ್ನು ಪಟ್ಟಾಳದ ಗಂಡಂದಿರಿಗೆ
ತಂತಿ ಸಿಕ್ಕಿಸಿ ಜೋಡಿಸಿದವರಂತೆ.
'ಆಗ ಎಲ್ಲರ ಮಾತೂ ನನ್ನ ಕಿವಿ ಹಾದೇ ಹೋಗಬೇಕಿತ್ತು,
ಈಗ ಬೇಕೆಂದಾಗ ಒಂದು ಮಾತು ಸಿಗುವುದಿಲ್ಲ ನೋಡಿ'
ಎಂದರು ಒಮ್ಮೆ. ಏನು ಹೇಳಬೇಕೋ ತಿಳಿಯದೆ
ಹದಿನಾರು ಆಯಿತೇ ಎಂದು ಕೇಳಿದೆ.

ಎಲ್ಲ ನನಗೇ ಬರುತ್ತದೆಂದು ಅವರ ನಂಬಿಕೆ. ನಿಜ ಬೇರೆ.
ಹೂವು, ಹಕ್ಕಿ ಕ್ಯಾಂಟೀನಿನ ಕುಂಞಿಮೊಯ್ದುವಿನ ಖಾತೆ;
ಮಲಯಾಳದಲ್ಲಿ ಹೇಳುತ್ತಾನೆ,
ಬಾಲ ಕತ್ತರಿಸಿ ನಾನು ಕನ್ನಡ ಮಾಡಬೇಕು.
ಭಾರತ, ರಾಮಾಯಣಕ್ಕೆ ಕಂಡಕ್ಟರ್ ಲ್ಯಾನ್ಸಿ ಡಿಸೋಜ:
ಘಟೋತ್ಕಚನ ತಾಯಿ ಎಂದರೆ
ಚಿಲ್ಲರೆಯಿಂದ ಕಣ್ಣೆತ್ತದೆ 'ಹಿಡಿಂಬೆ, ಮೂರು.'
ನಾನು ನಡುವಿನ ತಂತಿ, ಅಷ್ಟೆ.
ಇದನ್ನು ಬೊಳ್ಳಮ್ಮನವರಿಗೆ ಹೇಳಲಿಲ್ಲ.
ಬಹುಶಃ ಅವರಿಗೆ ಗೊತ್ತಿತ್ತು, ತಂತಿಯ ಕಸುಬಿನವರು.

ಏಪ್ರಿಲ್ ಕೊನೆಗೆ ಡಿಪೋದಿಂದ ಕಾಗದ ಬಂತು:
ವಿಚಾರಣೆಯ ಸ್ಥಿರ ದೂರವಾಣಿ ರದ್ದು,
ಜನ ಇನ್ನು ಮೊಬೈಲಿನಲ್ಲೇ ನೋಡಿಕೊಳ್ಳತಕ್ಕದ್ದು.
ಲೈನ್‌ಮನ್ ಏಣಿ ತಂದು ಕಂಬಕ್ಕೆ ಒರಗಿಸಿದ ಬೆಳಿಗ್ಗೆ
ಅವರು ಕುಟ್ಟದ ಬಸ್ಸನ್ನು ಕೇಳದೆ ನೇರ ಕೇಳಿದರು,
'ಹೊರಡುವವರ ಮಾತು. ನಾಲ್ಕಕ್ಷರ.'
ವಿದಾಯ ಮೂರೇ ಆಯಿತು.
'ಪೋಯಿತ್ ಬಪ್ಪಿ' ಎಂದು ಆಚೆ ಬೆರಳು ಮಡಚಿರಬೇಕು,
ಅರ್ಧ ತಕಾರವನ್ನು ಯಾವ ಮನೆಗೆ ನೂಕಲಿ ಎಂದು ಗೊಣಗಿದರು.
ಅಷ್ಟರಲ್ಲಿ
ಕಿವಿಯೊಳಗೆ ಬರೀ ಹತ್ತಿ.

ಹನ್ನೊಂದಕ್ಕೆ ಲ್ಯಾನ್ಸಿ ಸಹಿ ಹಾಕಿಸಿಕೊಂಡು
ಮೆಟ್ಟಿಲಿಳಿಯುತ್ತ 'ಬರ್ತೇನೆ ಸಾರ್' ಎಂದ.
ದಿನಕ್ಕೆ ನಲವತ್ತು ಸಲ ಕೇಳಿ ಕೇಳಿಸದ ಮಾತು.
ಬಾಯಲ್ಲಿ ಮೂರು. ಅಚ್ಚಿನಲ್ಲಿ ನಾಲ್ಕು!
ಓಡಿ ಹೋಗಿ ಬಸ್ಸಿನ ಪಕ್ಕೆ ಬಡಿದೆ,
ಹಳೆಯ ಟ್ರಿಪ್‌ಶೀಟಿನ ಬೆನ್ನಿಗೆ ದಪ್ಪವಾಗಿ ಬರೆದೆ:
ಬರುತ್ತೇನೆ.
ಪೊನ್ನಂಪೇಟೆ, ಹಳೇ ಎಕ್ಸ್‌ಚೇಂಜಿನ ಎದುರು ಮನೆ,
ಕೈಗೇ ಕೊಡು ಮಾರಾಯ, ಎಂದೆ.

ಬಸ್ಸು ತಿರುವು ದಾಟಿದ ಮೇಲೆ ಹೊಳೆಯಿತು,
ಯಾವ ಸಂಖ್ಯೆ ಎಂದು ಬರೆದಿರಲಿಲ್ಲ.
ಹೆಸರೂ ಇಲ್ಲ, ಬರೀ ಅದೊಂದು ಮಾತು.
ಗಡಿಯಾರದ ಕೆಳಗೆ ಕೂತು ಬೆವತೆ.
ನಾಪೋಕ್ಲಿನ ಬಸ್ಸನ್ನು ಎರಡು ಸಲ ಕೂಗಿದೆನಂತೆ,
ಅದು ಆಗಲೇ ಹೋಗಿತ್ತಂತೆ.

ಸಂಜೆಯ ಟ್ರಿಪ್ಪಿನಲ್ಲಿ ಚೀಟಿ ವಾಪಸು ಬಂತು,
ಜೊತೆಗೆ ಆ ದಿನದ ಪೇಪರಿನಲ್ಲೇ ಸುತ್ತಿದ ನಾಲ್ಕು ಕಾಡುಮಾವು.
ನನ್ನ ಅಕ್ಷರಗಳ ಕೆಳಗೆ ಪೆನ್ಸಿಲಿನಲ್ಲಿ ಮೂರು ಮನೆ,
ಸ್ಕೇಲು ಇಟ್ಟು ಗೀಟು ಹಾಕಿದ್ದು.
ಮೊದಲನೆಯದರಲ್ಲಿ ಯಾ. ಎರಡನೆಯದರಲ್ಲಿ ವಾ.
ಮೂರನೆಯದು ಖಾಲಿ.

ಲ್ಯಾನ್ಸಿ ಭುಜದ ಮೇಲಿಂದ ಕತ್ತು ಚಾಚಿ,
'ಇದು ಸುಲಭ ಸಾರ್' ಎಂದ.