ಇತರೆ

ಅರ್ಜಿಗೆ ಮೊದಲು ಇಸ್ತ್ರಿ ಹಾಕಿದವರು ಇವರೇ.
ಹಂಸವೇಣಿಯ ಬ್ಯಾಗಿನಲ್ಲಿ ಡಬ್ಬಿಯ ಕೆಳಗೆ ಸಿಕ್ಕಿ
ಮುದುಡಿಹೋಗಿತ್ತು ಕಾಲೇಜಿನವರು ಕೊಟ್ಟ ನಾಲ್ಕು ಹಾಳೆ.
ಮೇಲೊಂದು ತೆಳು ಪಂಚೆ ಹಾಸಿ, ಕೆಂಡ ತುಸು ಆರಲು ಬಿಟ್ಟು
ಹಗುರಕ್ಕೆ ಎಳೆದರು, ಯಾರದೋ ಧಾರೆ ಸೀರೆ ಎಂಬಂತೆ.
"ಸುಕ್ಕು ಕಂಡ್ರೆ ಸಾಹೇಬ್ರು ವಾಪಸ್ ಕಳಿಸ್ತಾರೆ."
ಯಾವ ಸಾಹೇಬ್ರು, ಎಲ್ಲ ಈಗ ಕಂಪ್ಯೂಟರಿನಲ್ಲೇ,
ಎಂದು ಮಗಳು ಹೇಳಲಿಲ್ಲ.
ಕೊನೆಯ ಹಾಳೆಯವರೆಗೂ ನೋಡುತ್ತ ನಿಂತಳು.

ಕಾಮಾಕ್ಷಿಪಾಳ್ಯದ ಸೈಬರ್ ಸೆಂಟರು ಮೆಟ್ಟಿಲ ಕೆಳಗಿನ ಗೂಡು.
ಒಬ್ಬರು ಕೂತರೆ ಉಳಿದವರು ಬಾಗಬೇಕು.
ಹುಡುಗ ಇಮ್ತಿಯಾಜ್, ಎಡಗೈಯಲ್ಲಿ ಬನ್ನು, ಬಲಗೈಯಲ್ಲಿ ಮೌಸು.
"ತಂದೆಯ ಉದ್ಯೋಗ?"
ಪರದೆಯ ಮೇಲೆ ಇಳಿಯುತ್ತ ಹೋಯಿತು ಒಂದು ಪಟ್ಟಿ:
ಸರ್ಕಾರಿ, ಖಾಸಗಿ, ಕೃಷಿ, ವ್ಯಾಪಾರ, ನಿವೃತ್ತ.
ಇಪ್ಪತ್ತಾರು ವರ್ಷ ಒಂದೇ ಹೊಂಗೆ ಮರದಡಿ ನಿಂತ ಗಾಡಿಗೆ
ಅದರಲ್ಲಿ ಎಲ್ಲೂ ಸ್ಟಾಪಿಲ್ಲ.
ಕಟ್ಟಕಡೆಗೆ ಬಂತು: ಇತರೆ.
ಇವರು ತಲೆಯಾಡಿಸಿದರು,
ಹಿಂದಿನ ಸೀಟಾದರೂ ಸಿಕ್ಕಿತಲ್ಲ ಎಂಬಂತೆ.

ವಾರ್ಷಿಕ ಆದಾಯ.
ಇವರೋ ದಿನದ ಲೆಕ್ಕದ ಮನುಷ್ಯ.
ಅಂಗಿಗೆ ಎಂಟು, ಸೀರೆಗೆ ನಲವತ್ತು, ಮಳೆ ಹಿಡಿದರೆ ಸೊನ್ನೆ,
ಮೂರನೇ ಮಹಡಿಯವರು ಯುಗಾದಿಯಿಂದ ಕೊಡಬೇಕಾದ್ದು ಇನ್ನೂರ ಹತ್ತು.
ಅದನ್ನು ಸೇರಿಸೋದಾ ಬೇಡವಾ, ಕೇಳಿದರು, ನಿಜವಾಗಿಯೂ.
ನನ್ನದೂ ಇದೆ: ಎರಡು ಮನೆ ಪಾತ್ರೆ, ಒಂದು ಮನೆ ಚಪಾತಿ.
"ಅಮ್ಮನಿಗೆ ಗೃಹಿಣಿ ಅಂತ ಹಾಕ್ತೀನಿ" ಅಂದ ಇಮ್ತಿಯಾಜ್.
ಹಾಕಪ್ಪ, ನಮ್ಮದೂ ಸೇರಿ ನಾಲ್ಕು ಮನೆಗೆ ಗೃಹಿಣಿ.

ನಾಡಕಚೇರಿಯ ಪತ್ರದಲ್ಲಿ ನಮ್ಮ ಬಡತನಕ್ಕೊಂದು ಉದ್ದನೆಯ ನಂಬರಿದೆ.
ಅದಕ್ಕಾಗಿ ಮೂರು ದಿನ ಗಾಡಿ ಮುಚ್ಚಿದ್ದೆವು.
ಆಟೋಗೆ, ಜೆರಾಕ್ಸಿಗೆ, ಒಬ್ಬನ ಟೀಗೆ: ಆರುನೂರ ಮೂವತ್ತು.
ಬಡವರು ಅನ್ನಿಸಿಕೊಳ್ಳೋಕೂ
ಕೈಯಲ್ಲಿ ನಾಲ್ಕು ಕಾಸು ಇರಬೇಕು.

ಮಾರ್ಕ್ಸ್ ಕಾರ್ಡಿನಲ್ಲಿ ಹಂಸವೇಣಿ.
ಆಧಾರಿನಲ್ಲಿ ಹಂಸ, ಆಮೇಲೆ ಒಂದು ಖಾಲಿ ಜಾಗ, ಆಮೇಲೆ ವೇಣಿ.
ನಮ್ಮತ್ತೆ ಇಟ್ಟ ಹೆಸರು, ಅವರಿಗೆ ಉಬ್ಬಸ;
ಕೂಗುವಾಗ ಉಸಿರೆಳೆದುಕೊಳ್ಳುತ್ತಿದ್ದದ್ದು ಅಲ್ಲೇ ಇರಬೇಕು.
"ನಡೆಯುತ್ತೆ ಬಿಡಿ" ಅಂದ ಹುಡುಗ.

"ಈಗ ಓಟಿಪಿ ಬರುತ್ತೆ, ಹೇಳಿ."
ಕಾದೆವು. ಬರಲಿಲ್ಲ.
ಆಧಾರಿಗೆ ಕೊಟ್ಟಿದ್ದು ಹಳೇ ನಂಬರು,
ಯಶವಂತಪುರ ಮಾರ್ಕೆಟ್ಟಿನಲ್ಲಿ ಕಳೆದ ಫೋನಿನದು.
ಇವತ್ತೇ ಕೊನೇ ದಿನ. ಆರೂಕಾಲು ಆಗಿತ್ತು.
ಇವರಿಗೆ ಆ ನಂಬರು ಮರೆತಿರಲಿಲ್ಲ. ಇವರು ಹೇಳಿದರು, ನಾನು ಒತ್ತಿದೆ.
ನಮ್ಮ ನಂಬರಿನೊಳಗಿಂದ ಯಾರೋ ಹೆಂಗಸು: "ಹಲೋ?"
ಹಿಂದೆ ಒಗ್ಗರಣೆಯ ಚಟಪಟ.

ಹೇಳಿದೆ.
"ಓಟಿಪಿ ಯಾರಿಗೂ ಹೇಳಬಾರದಂತೆ ಕಣ್ರೀ.
ನನ್ನ ತಮ್ಮನ ದುಡ್ಡು ಹಿಂಗೇ ಹೋಯ್ತು."
ನಿಜ, ಅಂದೆ. ನಾನಾಗಿದ್ದರೂ ಹೇಳುತ್ತಿರಲಿಲ್ಲ.
ಆಮೇಲೆ ಏನೂ ತೋಚದೆ ಮಗಳ ಕಡೆ ಫೋನು ಹಿಡಿದೆ.
ಅವಳಿಗೂ ಮಾತು ಬರಲಿಲ್ಲ,
ಮೂಗು ಒಮ್ಮೆ ಸೊರಕ್ ಅಂದಿತು, ಅಷ್ಟೆ.

ಒಗ್ಗರಣೆ ನಿಂತಿತು. ಒಲೆ ಆರಿಸಿರಬೇಕು.
"ಯಾವ ಕಾಲೇಜು ಮಗು?"
"ಫಿಸಿಕ್ಸು, ಆಂಟಿ."
"ಬರ್ಕೋ. ನಾಕು. ನಾಕು. ಸೊನ್ನೆ. ತಾಳು, ಕನ್ನಡಕ..."
ಇಮ್ತಿಯಾಜ್ ಬನ್ನು ಕೆಳಗಿಟ್ಟ.

ದುಂಡನೆಯದೊಂದು ತಿರುಗಿತು, ತಿರುಗುತ್ತಲೇ ಇತ್ತು.
ನಾವು ನಾಲ್ವರೂ ಬಾಗಿ ನೋಡುತ್ತಿದ್ದೆವು.
ಇವರ ಬೆರಳು ಮೇಜಿನ ಮೇಲಿದ್ದ ಹಾಳೆಯ ಮೂಲೆಯನ್ನು
ಒತ್ತಿ ಒತ್ತಿ ಸಪಾಟು ಮಾಡುತ್ತಿತ್ತು.
ನನ್ನ ಕೈಯಲ್ಲಿ ಫೋನು ಇನ್ನೂ ಕಟ್ಟಾಗಿರಲಿಲ್ಲ.
"ಆಯ್ತಾ?" ಅನ್ನುತ್ತಿದ್ದಳು ಆಕೆ,
"ಆಯ್ತಾ ಇಲ್ವಾ ಹೇಳ್ರೀ, ನನ್ನ ಸಾರು ಹಂಗೇ ಇದೆ."