ಒಂದು ಮಾತಿನ ಮಟ್ಟಿಗೆ

ಫ್ರೀಸ್‌ಲ್ಯಾಂಡಿನ ಪಂಪುಮನೆಯಲ್ಲಿ ರಾತ್ರಿ ಎರಡೂಕಾಲು.
ಏರಿಯ ಆಚೆಗಿನ ನೀರು ಕೂತವರ ತಲೆಗಿಂತ ಎತ್ತರ;
ಅಲ್ಲಿ ಅದು ಹೆದರಿಸುವ ಮಾತಲ್ಲ,
ಗೋಡೆಗೆ ನೀಲಿ ಬಣ್ಣದಲ್ಲಿ ಎಳೆದ ಗೆರೆ.
ಮೂರನೆಯ ಪಂಪು ಉಸಿರು ನಿಲ್ಲಿಸಿದೆ.
ಏಳಿಸಹೋದ ಯೆಲ್ಮರ್‌ಗೆ ಟರ್ಮಿನಲ್ ಅಂದದ್ದು ಎರಡೇ ಪದ:
ಅನುಮತಿ ಇಲ್ಲ.

ಮೇಜಿನ ಖಾನೆಯಲ್ಲಿ ಅರಗು ಹಾಕಿದ ಲಕೋಟೆ,
ಒಳಗೆ ರೂಟ್‌ನ ಪಾಸ್‌ವರ್ಡ್.
ಖಾನೆ ಕಿರ್ರೆಂದದ್ದೇ ತಡ,
ಹೆಣೆಯುವ ಕಾಲುಚೀಲದಿಂದ ಕಣ್ಣೆತ್ತದೆ ವೀಟ್ಸ್ಕೆ:
“ದೊರೆಯಾಗಬೇಡ ಮಾರಾಯ.
ಉಂಗುರ ಕಡ ಕೇಳು, ಒಂದು ಮಾತಿನ ಮಟ್ಟಿಗೆ.”

ನಾಲ್ಕಕ್ಷರ ಒತ್ತಿದ. ಸುಡೊ.
ನನ್ನ ಕಿವಿಗೆ ಅದು ಸುಡು. ಅವರಿಗೆ ನನ್ನ ಭಾಷೆ ಗೊತ್ತಿಲ್ಲ,
ಆದರೂ ಹುಷಾರಾಗಿಯೇ ಮುಟ್ಟುತ್ತಾರೆ.
ಯಂತ್ರ ಕೇಳಿದ್ದು ದೊರೆಯ ಗುಟ್ಟನ್ನಲ್ಲ, ಅವನದನ್ನೇ:
ನೀನು ನೀನೇ ತಾನೆ?
ಒತ್ತಿದ್ದು ಕಾಣದು, ಚುಕ್ಕಿಯೂ ಬೀಳದು,
ಕತ್ತಲಲ್ಲಿ ಬೀಗದ ಕಿಂಡಿ ತಡಕಿದ ಹಾಗೆ.
ತಪ್ಪಿತು. ಹಾಳಾದ ಕ್ಯಾಪ್ಸ್ ಲಾಕ್.
ಇನ್ನೊಮ್ಮೆ.

“ನಾನೂ ಒಂದಿರುಳು ದೊರೆಯಾಗಿಯೇ ಕೂತಿದ್ದೆ,” ಎಂದಳು ಅವಳು,
“ಪ್ರತಿಸಲ ಯಾರು ಕೇಳಿಕೊಳ್ಳುತ್ತಾರೆ ಅಂತ.
ಕಾಫಿ ತಂದೆ. ಹಳೆಯ ಕಡತವೊಂದನ್ನು ಅಳಿಸಹೋದೆ.
ನಡುವೆ ಒಂದು ಖಾಲಿ ಜಾಗ ಬಿತ್ತು,
ಅಕ್ಷರವೂ ಅಲ್ಲ, ಹೆಬ್ಬೆರಳು ತಗುಲಿದ್ದು.
ಹನ್ನೊಂದು ವರ್ಷದ ನೀರಿನ ಮಟ್ಟ, ಹೋಯಿತು.
ಖಂಡಿತವೇ ಅಂತ ಅದು ಕೇಳಲಿಲ್ಲ.
ದೊರೆಯನ್ನು ಯಾರು ಕೇಳುತ್ತಾರೆ?”

ಕಾಗದದ ಪುಸ್ತಕಗಳಿಂದ ಮತ್ತೆ ತುಂಬಲು ಏಳು ವಾರ;
ಒಂದು ಮಾರ್ಚ್ ತಿಂಗಳ ಹಾಳೆಗಳನ್ನು ಇಲಿ ತಿಂದಿತ್ತು,
ಆ ಮಾರ್ಚ್ ಇವತ್ತಿಗೂ ಇಲ್ಲ.

ಯೆಲ್ಮರ್ ತನ್ನ ಸಾಲನ್ನು ಮೊದಲಿಂದ ಓದಿದ, ಬಾಯಿಬಿಟ್ಟು,
ಖಾಲಿ ಜಾಗಗಳನ್ನೂ ಎಣಿಸಿ.
ಆಮೇಲೆ ಎಂಟರ್.
ನೆಲದಡಿಯಲ್ಲಿ ಏನೋ ಗಂಟಲು ಸರಿಪಡಿಸಿಕೊಂಡು
ನೀರೆತ್ತತೊಡಗಿತು.

ದಾಖಲೆಯಲ್ಲಿ ಒಂದು ಸಾಲು ಬಿತ್ತು:
ಎರಡು ಮೂವತ್ತೊಂದು, ಯೆಲ್ಮರ್, ಮೂರನೆಯ ಪಂಪು.
“ಇನ್ನೂ ಕೆಲವು ನಿಮಿಷ ಅದು ನಿನ್ನನ್ನು ನಂಬಿಯೇ ಇರುತ್ತದೆ.
ಮರೆತುಬಿಡು ಅಂತ ಹೇಳು ಅದಕ್ಕೆ.”
ಹೇಳಿದ.
ಸುಮ್ಮನೆ ಕೇಳಿಯೂ ನೋಡಿದ: ನಾನು ಯಾರು?
ಯೆಲ್ಮರ್, ಅಂದಿತು ಪರದೆ, ಸಣ್ಣ ಅಕ್ಷರದಲ್ಲಿ.

ಲಕೋಟೆಯ ಅರಗು ಹಾಗೇ ಇತ್ತು.
ಮಾತಿನ ನಡುವೆ ವೀಟ್ಸ್ಕೆಯ ಎಣಿಕೆ ತಪ್ಪಿತ್ತು;
ಗೊಣಗುತ್ತ ಒಂದು ಸುತ್ತು ಬಿಚ್ಚಿದಳು.