ಒಂದೆಳೆ

ಹಡರ್ಸ್‌ಫೀಲ್ಡ್, ಲೈಬ್ರರಿಯ ನೆಲಮಾಳಿಗೆ, ಶನಿವಾರ.
ಆಚೆ ಮೇಜಿನಲ್ಲಿ ಸುಟ್ಟ ಟೋಸ್ಟರು, ಈಚೆ ಹೊಲಿಗೆ ಯಂತ್ರ,
ನಡುವೆ ನಾನು, ಲಿನಕ್ಸಿನ ನಾಟಿ ವೈದ್ಯೆ.

ಮ್ಯೂರಿಯಲ್ ಹೋಲ್‌ರಾಯ್ಡ್ ತರಕಾರಿ ಚೀಲದಿಂದ
ಲ್ಯಾಪ್‌ಟಾಪು ತೆಗೆದಳು. ಈರುಳ್ಳಿ ಸಿಪ್ಪೆ ಅಂಟಿತ್ತು ಅದಕ್ಕೆ.
"ಕಿಟಕಿ ಕುಗ್ಗಿದೆ" ಅಂದಳು.

ಕುಗ್ಗಿತ್ತು. ಅಷ್ಟಗಲ ಕಪ್ಪಿನ ನಡುವೆ
ಅಂಚೆ ಕಾರ್ಡಿನಷ್ಟು ಬೆಳಕು.
ಯಂತ್ರದೊಳಗೊಂದು ಯಂತ್ರ,
ಅದರೊಳಗೆ ತೊಂಬತ್ತೆಂಟರ ವಿಂಡೋಸು,
ಅದರೊಳಗೆ ಆಕೆಯ ಮಿಲ್ಲು,
ಕೋಟಿನ ಬಟ್ಟೆಗೆ ಬರೆದ ನಮೂನೆಗಳೆಲ್ಲ.
ಮಿಲ್ಲು ಈಗ ಫ್ಲ್ಯಾಟುಗಳಾಗಿದೆ, ಅದನ್ನಾಕೆ ಹೇಳಲಿಲ್ಲ.
ನಾನಿರುವುದು ಅಲ್ಲೇ, ಮೂರನೇ ಮಹಡಿ. ನಾನೂ ಹೇಳಲಿಲ್ಲ.

ಹದಿನಾರೇ ಬಣ್ಣ ಉಳಿದಿದ್ದವು.
ಪಾಚಿಗೆ, ಜರೀಗಿಡಕ್ಕೆ, ಒದ್ದೆ ಕಲ್ಲಿಗೆ ಒಂದೇ ಹಸಿರು.
"ಇದು ನನ್ನ ಕಂದಲ್ಲ" ಅಂದಳು ಬೆರಳು ತೋರಿಸಿ.
ಇಂಗ್ಲಿಷಿನಲ್ಲಿ ಅದು ಬರೀ ಬಣ್ಣ;
ನನ್ನ ತಲೆಯೊಳಗೆ ಕನ್ನಡವಾಗುವಾಗ ಎರಡರ್ಥವಾಯಿತು.
ಎರಡೂ ಇರಲಿ ಅಂದುಕೊಂಡೆ.

ಒಳಗಿನ ಯಂತ್ರಕ್ಕೆ ಅತಿಥಿಯೆಂದೇ ಹೆಸರು ನಮ್ಮ ಕಸುಬಿನಲ್ಲಿ.
ಅತಿಥಿಗೆ ತಾನು ಅತಿಥಿಯೆಂದು ಗೊತ್ತಿಲ್ಲ.
ಇಲ್ಲದ ಪರದೆಯನ್ನು ಇದೆಯೆಂದು ನಂಬಿ,
ಎಷ್ಟು ದೊಡ್ಡದೋ ತಿಳಿಯದೆ,
ಹೆದರಿ ತೀರಾ ಚಿಕ್ಕದನ್ನೇ ಬಿಡಿಸುತ್ತದೆ.
ಕನ್ನಡಿಯೊಳಗಿನ ಗಂಟು ಅನ್ನುತ್ತಾರಲ್ಲ,
ಅದನ್ನು ಬಿಚ್ಚುವುದೇ ನನ್ನ ಶನಿವಾರ.

ಅತಿಥಿಯನ್ನು ಮಲಗಿಸಿದೆ.
ಆತಿಥೇಯನ ಜಿಪುಣ ಕೈ ಬಿಡಿಸಿ
ಹದಿನಾರು ಎಂಬಿಯ ನೋಟವನ್ನು ನೂರಿಪ್ಪತ್ತೆಂಟಕ್ಕೇರಿಸಿದೆ,
ತ್ರೀಡಿಯ ಟಿಕ್ಕು ಕಿತ್ತೆ,
ಯಾರೋ ಪುಣ್ಯಾತ್ಮ ಬರೆದಿಟ್ಟ ಡ್ರೈವರನ್ನು ಒಳಗೆ ದಾಟಿಸಿದೆ.
ಕಪ್ಪು.
ಮತ್ತೆ ಕಪ್ಪು.
ಮೂರನೇ ಸಲ ಪರದೆ ಅಡ್ಡಡ್ಡ ಹರಿದು ನಡುಗಿತು.
ಮ್ಯೂರಿಯಲ್ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕೊಟ್ಟಳು,
ಸಕ್ಕರೆ ಬೇಕೇ ಎಂದು ಕೇಳಲಿಲ್ಲ, ಹಾಕಿಯೇ ಇತ್ತು.

ಬಂತು.
ಅಂಚಿನಿಂದ ಅಂಚಿಗೆ, ಹಾಸು ಹೊಕ್ಕು,
ಎಳೆಯೆಳೆ ಎಣಿಸುವಂತೆ.
ಆಕೆ ಕನ್ನಡಕ ಹಣೆಗೇರಿಸಿ ಮೂಗು ತಾಗುವಷ್ಟು ಬಾಗಿದಳು.
ಸಂತೋಷವೆಂದುಕೊಂಡೆ.
ಬೆರಳು ಒಂದು ಕಡೆ ನಿಂತಿತು.
ನಾಲ್ಕಿರಬೇಕಾದಲ್ಲಿ ಐದೆಳೆ.
ತೊಂಬತ್ತೊಂಬತ್ತರ ಚಳಿಗಾಲದ್ದು, ಮಿಲ್ಲಿನ ಕೊನೆಯ ನಮೂನೆ.
ಆರು ಸಾವಿರ ಗಜ ನೆಯ್ದಿದ್ದರಂತೆ.

"ಇದನ್ನು ಹಾಕಿಕೊಂಡು ಎಷ್ಟು ಜನ ಮದುವೆಯಾದರೋ,
ಎಷ್ಟು ಜನ ಇದರಲ್ಲೇ ಮಣ್ಣಿಗೆ ಹೋದರೋ."
ತಿದ್ದಲು ಮೌಸು ಹಿಡಿದಳು.
ಬಿಟ್ಟಳು.

ಆಮೇಲೆ, ಟೋಸ್ಟರಿನವನಿಗೆ ಕೇಳದಂತೆ,
"ಮತ್ತೆ ಚಿಕ್ಕದು ಮಾಡಲು ಬರುತ್ತದೆಯೇ?"

ಬರುತ್ತದೆ ಅಂದೆ.

"ಬಣ್ಣ ಮಾತ್ರ ಹೀಗೇ ಇರಲಿ."